ತಗಡಿನೊಳಗಿನ ಮರ

ಅಮೆರಿಕದ ಹಳ್ಳಿಗಾಡಿನಲ್ಲಿ ಹಳೆಯ ಕೊಟ್ಟಿಗೆಯ ಪಕ್ಕ, ಹುಲ್ಲು ಬೆಳೆದ ಹಿತ್ತಲಲ್ಲಿ ಇಂಥದೊಂದು ಗಾಡಿ ಇಂದಿಗೂ ಕಣ್ಣಿಗೆ ಬೀಳುತ್ತದೆ. ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಎರಡು ಚಕ್ರದ ಪುಟ್ಟ ಮನೆ. ಉದ್ದ ಸಾಮಾನ್ಯವಾಗಿ 13–15 ಅಡಿ. ಒಳಗೆ ಹಗಲು ಕೂರುವ, ರಾತ್ರಿ ಮಲಗುವ ಒಂದು ಬೆಂಚು, ಗ್ಯಾಸ್ ಒಲೆ, ಐಸ್ ಪೆಟ್ಟಿಗೆ. ಪಕ್ಕದಿಂದ ನೋಡಿದರೆ ಮುಂದೂ ಹಿಂದೂ ದುಂಡಗಿದ್ದು, ಹಂದಿಮಾಂಸ ತುಂಬಿ ಮಾರುವ ತಗಡಿನ ಡಬ್ಬಿಯಂತೆ ಕಾಣುತ್ತದೆ. ಅದಕ್ಕೇ ಅಲ್ಲಿಯವರ ಬಾಯಲ್ಲಿ ಇದು ‘ಕ್ಯಾನ್ಡ್ ಹ್ಯಾಮ್’. ಎರಡನೆಯ ಮಹಾಯುದ್ಧದ ನಂತರ ಸಾಮಾನ್ಯ ಸಂಬಳದವರ ಮನೆಗೂ ಕಾರು ಬಂದಾಗ ಇಂಥವು ದಂಡಿಯಾಗಿ ತಯಾರಾದವು. ಹಿಂಬದಿಗೆ ಎರಡು ಲೋಹದ ರೆಕ್ಕೆ ಹೊತ್ತ ಶ್ಯಾಸ್ಟಾ, ಪೆನ್ಸಿಲ್ವೇನಿಯಾದ ಅರ್ವಿನ್ ಊರಿನಲ್ಲಿ ಜಾನ್ ಸೆರ್ರೊ 1957ರಲ್ಲಿ ಕಟ್ಟತೊಡಗಿದ ಸ್ಕಾಟಿ, ಇವೆರಡಕ್ಕೂ ಇವತ್ತಿಗೂ ಹಂಬಲಿಸುವವರಿದ್ದಾರೆ.

ಕನ್ನಡಿಯಂತೆ ಹೊಳೆಯುವ ಏರ್‌ಸ್ಟ್ರೀಮ್ ಗಾಡಿ ಇವಕ್ಕಿಂತ ಹೆಸರುವಾಸಿ. ಆದರೆ ಅದರ ಜಾತಿಯೇ ಬೇರೆ. ವಿಮಾನದ ಹಾಗೆ ಅದರ ಬಲವೆಲ್ಲ ಅಲ್ಯೂಮಿನಿಯಂ ತಗಡು, ರಿವೆಟ್ಟುಗಳಲ್ಲಿದೆ. ನಮ್ಮ ಡಬ್ಬಿಗಾಡಿಯ ಬಲ ಇರುವುದು ಮರದಲ್ಲಿ. ಕೊಳ್ಳುವವರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದದ್ದು ಇದನ್ನೇ.

ಈ ಗಾಡಿಯನ್ನು ಕಟ್ಟುತ್ತಿದ್ದುದು ಒಳಗಿನಿಂದ ಹೊರಕ್ಕೆ. ಕಬ್ಬಿಣದ ಚಾಸಿಯ ಮೇಲೆ ನೆಲ, ಅದರ ಮೇಲೆ ಸುಮಾರು 3 ಮಿಲಿಮೀಟರ್ ದಪ್ಪದ ಬರ್ಚ್ ಪ್ಲೈವುಡ್ಡಿನ ಗೋಡೆ, ಅದಕ್ಕೆ ಬೀರು, ಬೆಂಚು. ಹೊರಮೈಗೆ ತೆಳ್ಳನೆಯ ರೀಪರುಗಳ ಚೌಕಟ್ಟು. ರೀಪರುಗಳ ನಡುವೆ ಚಳಿ ತಡೆಯಲು ಗ್ಲಾಸ್ ವುಲ್. ಎಲ್ಲ ಮುಗಿದ ಮೇಲೆ ಅಲ್ಯೂಮಿನಿಯಂ ಹೊದಿಕೆ. ಗೋಡೆಯ ತಗಡೂ ಚಾವಣಿಯ ತಗಡೂ ಕೂಡುವ ಅಂಚಿಗೆ ಪುಟ್ಟಿ ಮೆತ್ತಿ, ಮೇಲೊಂದು ಪಟ್ಟಿಯಿಟ್ಟು ಸಾಲಾಗಿ ಸ್ಕ್ರೂ ಬಿಗಿಯುತ್ತಿದ್ದರು.

ಆ ಪುಟ್ಟಿಯೇ ಗಾಡಿಯ ಆಯಸ್ಸು. ವರ್ಷಗಳ ಬಿಸಿಲಿಗೆ ಅದು ಒಣಗಿ ಬಿರುಕು ಬಿಡುತ್ತದೆ. ಸ್ಕ್ರೂ ತೂತಿನಿಂದ, ಕಿಟಕಿಯ ಚೌಕಟ್ಟಿನಿಂದ, ದೀಪದ ವೈರಿನ ಸಂದಿಯಿಂದ ಮಳೆನೀರು ಒಳಗಿಳಿದು ಕೆಳಮೂಲೆಗಳಲ್ಲಿ ನಿಲ್ಲುತ್ತದೆ. ಅಲ್ಯೂಮಿನಿಯಂ ಕಬ್ಬಿಣದ ಹಾಗೆ ತುಕ್ಕು ಹಿಡಿಯುವುದಿಲ್ಲವಾದ್ದರಿಂದ ಹೊರಗೆ ಏನೂ ಗೊತ್ತಾಗುವುದಿಲ್ಲ. ಅಂಥದೊಂದು ಮೂಲೆಯ ಪಟ್ಟಿ ಬಿಚ್ಚಿ ನೋಡಿ: ಸ್ಕ್ರೂ ಬೆರಳಿಗೇ ಕಿತ್ತು ಬರುತ್ತದೆ, ತಗಡು ಸರಿಸಿದರೆ ರೀಪರಿದ್ದ ಜಾಗದಲ್ಲಿ ಕರ್ರಗೆ ಒದ್ದೆಯಾದ ಕಾಫಿ ಚರಟದಂಥ ಪುಡಿ. ಗೋಡೆಯನ್ನು ಅಷ್ಟು ದಿನ ಹಿಡಿದಿಟ್ಟದ್ದು ಬರೀ ತಗಡು.

ಆದ್ದರಿಂದ ಕೊಳ್ಳಲು ಹೋಗುವಾಗ ಜೇಬಿನಲ್ಲೊಂದು ದಬ್ಬಳವಿರಲಿ. ಒಡೆಯರ ಒಪ್ಪಿಗೆ ಕೇಳಿ ಕೆಳಮೂಲೆ, ಕಿಟಕಿಯ ಕೆಳಭಾಗ, ಚಕ್ರದ ಮೇಲಿನ ನೆಲ, ಬೆಂಚಿನ ಒಳಗಡೆ ಚುಚ್ಚಿ ನೋಡಿ. ಗಟ್ಟಿ ಮರ ಎದುರು ಒತ್ತುತ್ತದೆ, ಲಡ್ಡಾದ ಮರ ದಬ್ಬಳವನ್ನು ನುಂಗುತ್ತದೆ. ಬೂಷ್ಟು ವಾಸನೆಯನ್ನು ಅಲಕ್ಷಿಸಬೇಡಿ. ಒಳಗೋಡೆಗೆ ಹೊಸದಾಗಿ ಬಣ್ಣ ಬಳಿದಿದ್ದರೆ ನನಗಂತೂ ಅನುಮಾನವೇ. ಕಲೆ ಹಿಡಿದಿದ್ದರೂ ಬಣ್ಣ ಬಳಿಯದ ಗೋಡೆ ನಿಜ ಹೇಳುತ್ತದೆ. ಗಾಡಿಯ ಕೆಳಗೆ ನುಸುಳಿ ಚಾಸಿಯ ತುಕ್ಕು ನೋಡಿ, ಕಾಗದಪತ್ರದ ನಂಬರು ಗಾಡಿಯ ನಂಬರಿಗೆ ಹೊಂದುತ್ತದೆಯೇ ಪರೀಕ್ಷಿಸಿ. ಟೈರಿನ ಮೈಮೇಲೆ ನಾಲ್ಕು ಅಂಕಿಯ ಗುರುತಿರುತ್ತದೆ. 2316 ಎಂದಿದ್ದರೆ ಅದು 2016ರ 23ನೆಯ ವಾರ ತಯಾರಾದದ್ದು. ಹಳೆಯ ರಬ್ಬರು ಸವೆಯದಿದ್ದರೂ ದಾರಿಯಲ್ಲಿ ಸಿಡಿದೀತು.

ರಿಪೇರಿ ನಡೆಯಬೇಕಾದದ್ದು ಕಟ್ಟಿದ ದಿಕ್ಕಿಗೆ ಉಲ್ಟಾ: ಮೊದಲು ಹೊರಗಿನ ತಗಡು ಕಳಚಬೇಕು. ಪ್ರತಿ ಹಂತದಲ್ಲೂ ಫೋಟೊ ತೆಗೆದಿಟ್ಟುಕೊಳ್ಳಿ. ಲಡ್ಡಾದ ತುಂಡನ್ನು ಎಸೆಯಬೇಡಿ, ಹೊಸ ರೀಪರ್ ಕೊಯ್ಯಲು ಅದೇ ಅಚ್ಚು. ಒಂದು ತುಂಡು ಕೂರಿಸಿದ ಮೇಲೆಯೇ ಇನ್ನೊಂದನ್ನು ಬಿಚ್ಚಿ. ಎಲ್ಲವನ್ನೂ ಒಮ್ಮೆಗೇ ಕಿತ್ತರೆ ಆ ದುಂಡು ಆಕಾರ ಕುಸಿದುಹೋಗುತ್ತದೆ, ಮತ್ತೆ ತಗಡು ಕೂಡುವುದಿಲ್ಲ. ತಗಡು ಹೊದಿಸುವಾಗ ಅಂಚಿಗೆ ಪುಟ್ಟಿಯ ಬದಲು ಬ್ಯೂಟೈಲ್ ಟೇಪ್ ಎಂಬ ಅಂಟುಪಟ್ಟಿ ಹಾಕಿ. ಸಿಲಿಕೋನ್ ಬಳಿಯುವುದು ಸುಲಭ, ಆದರೆ ಮುಂದೆ ಅದನ್ನು ಪೂರ್ತಿ ಕೆರೆದು ತೆಗೆಯುವುದು ಕಷ್ಟ, ಅದರ ಮೇಲೆ ಬಣ್ಣವೂ ನಿಲ್ಲದು. ಗ್ಯಾಸ್ ಪೈಪಿನ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡದೆ ಒಲೆ ಹೊತ್ತಿಸಬೇಡಿ.

ಒಳಗಿನ ವ್ಯವಸ್ಥೆ ಬದಲಿಸುವ ಆಸೆ ಹಲವರಿಗೆ. ಆದರೆ ಭಾರವಾದ ಸಾಮಾನು ಹಿಂದಕ್ಕೆ ಹೋದರೆ ಗಾಡಿ ವೇಗದಲ್ಲಿ ಹಾವಿನಂತೆ ಓಲಾಡುತ್ತದೆ. ಒಟ್ಟು ತೂಕದ ಶೇಕಡ 10–15ರಷ್ಟು ಕಾರಿನ ಕೊಂಡಿಯ ಮೇಲೆ ಬೀಳಬೇಕು. 600 ಕಿಲೋ ಗಾಡಿಯಾದರೆ 60ರಿಂದ 90 ಕಿಲೋ. ನನ್ನನ್ನು ಕೇಳಿದರೆ ಹಳೆಯ ಒಲೆ, ಐಸ್ ಪೆಟ್ಟಿಗೆಗಳನ್ನು ಅವು ಇದ್ದಲ್ಲೇ ಉಳಿಸಿಕೊಳ್ಳಿ. ಅಂಬರ್ ಶೆಲಾಕ್ ಎಂಬ ಮೆರುಗು ಹಚ್ಚಿದ ಬರ್ಚ್ ಗೋಡೆಯ ಜೇನುಬಣ್ಣಕ್ಕೆ ಅವೇ ಒಪ್ಪುತ್ತವೆ.

ಇನ್ನೊಂದು ಮಾತು. ಗಾಡಿ ನೋಡಲು ಬಿಸಿಲಿನ ದಿನ ಆರಿಸಬೇಡಿ, ಜೋರು ಮಳೆ ಬಂದ ಮರುದಿನ ಬೆಳಗ್ಗೆ ಹೋಗಿ, ಬೆಂಚಿನ ಕೆಳಗಿನ ಮೂಲೆಗೆ ಕೈ ಹಾಕಿ ನೋಡಿ.