ಜೀಪಿನ ಹಿಂದೆ ಸೈಕಲ್ ಹೊರುವ ಕ್ಯಾರಿಯರ್

ನಮ್ಮ ಸದಸ್ಯರಲ್ಲಿ ಕೊಯ್ಲಿನ ಆಳುಗಳಿಗಾಗಿ ಬಯಲುಸೀಮೆಯತ್ತ ಮುಖ ಮಾಡದವರು ಈಗ ಕಡಿಮೆ. ಅರೇಬಿಕಾ ಹಣ್ಣಾಗುವ ಹೊತ್ತಿಗೆ ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ ಕಡೆಯ ಮಳೆ ನಂಬಿದ ಹೊಲಗಳಲ್ಲಿ ಕೂಲಿ ಕೆಲಸ ಇಳಿಯುತ್ತ ಬಂದಿರುತ್ತದೆ. ಪಕ್ಕದ ಸಿಂಧನೂರಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ತೂಗಾಡುತ್ತಿರುತ್ತದೆ, ನಿಜ. ಆದರೆ ಅದನ್ನು ಕೊಯ್ಯುವುದು ಹೆಚ್ಚಾಗಿ ಯಂತ್ರ. ಅಲ್ಲಿ ಕುಡುಗೋಲಿನ ಕೂಲಿ ತಪ್ಪಿದವರು ನಮ್ಮ ಕಾಫಿ ಗಿಡದ ಬುಡಕ್ಕೆ ಬಂದು ನಿಲ್ಲುತ್ತಾರೆ. ಈ ಓಡಾಟದಲ್ಲಿ ನಾನು ಕಲಿತ ಒಂದು ಕಬ್ಬಿಣದ ಕೆಲಸವನ್ನು ಸದಸ್ಯ ಬಾಂಧವರಿಗೆ ತಿಳಿಸೋಣವೆಂದು ಈ ಬರಹ.

2018ರ ಆಗಸ್ಟಿನಲ್ಲಿ ನಮ್ಮ ತೋಟಕ್ಕೆ ಬರುವ ಮಸ್ಕಿ ಕಡೆಯ ಮೇಸ್ತ್ರಿ ಫೋನ್ ಮಾಡಿದರು. “ಸಾವ್ಕಾರ್ರ, ಹುಡುಗಿ ಎಂಟನೇತ್ತಕ್ಕ ಬಂದಾಳ್ರಿ. ಸರ್ಕಾರದ ಸೈಕಲ್ ಕೊಟ್ಟಾರ. ಈ ಸಲ ಆಕಿನ್ನೂ, ಸೈಕಲ್ಲನ್ನೂ ಕರ್ಕೊಂಡು ಬರಬೇಕಂತ ಮಾಡೀನಿ” ಎಂದರು. ಎಂಟನೇ ತರಗತಿಯ ಮಕ್ಕಳಿಗೆ 2006-07ರಿಂದ ಸರ್ಕಾರ ಕೊಡುತ್ತಿದ್ದ ಸೈಕಲ್ ಅದು. ನಮ್ಮ ಲೈನ್‌ಮನೆಗಳಿಂದ ಪ್ರೌಢಶಾಲೆಗೆ ಐದು ಕಿಲೋಮೀಟರ್. ಹೆಡ್‌ಮಾಸ್ತರರು ನಾಲ್ಕು ತಿಂಗಳ ಮಟ್ಟಿಗೆ ಹುಡುಗಿಯನ್ನು ತರಗತಿಯಲ್ಲಿ ಕೂರಿಸಿಕೊಳ್ಳಲು ಒಪ್ಪಿದರು. ಸೈಕಲ್ ಇಲ್ಲದಿದ್ದರೆ ಅವಳ ಗತಿ ಏನೆಂದು ನನಗೂ ಗೊತ್ತು, ತೋಟವಿಟ್ಟುಕೊಂಡಿರುವ ನಿಮಗೂ ಗೊತ್ತು. ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು ಲೈನಿನಲ್ಲಿ ಉಳಿಯುವುದು, ಬಿಡುವಾದಾಗ ತಾಯಿಯ ಜೊತೆ ಬುಟ್ಟಿ ಹಿಡಿಯುವುದು. ಹಿಂದೆ ಬಸ್ಸಿನ ನೆತ್ತಿಯ ಮೇಲೆ ಸೈಕಲ್ ಏರಿಸಬಹುದಾಗಿತ್ತು. ಈಗ ಏಣಿ ಇರುವ ಬಸ್ಸೇ ಅಪರೂಪ. ಹಾಗಾಗಿ ನಾನು ಹೇಗೂ ಜೀಪಿನಲ್ಲಿ ಬರುವವನು, ಹಿಂದೆ ಕಟ್ಟಿಕೊಂಡು ತರುತ್ತೇನೆ ಎಂದು ಮಾತು ಕೊಟ್ಟೆ.

ಅಮೆರಿಕದಲ್ಲಿರುವ ಸೋದರಳಿಯನೊಬ್ಬ ತನ್ನ ಕಾರಿನ ಫೋಟೋ ಕಳಿಸಿದ. ಅಲ್ಲಿ ಕಾರಿನ ಅಡಿಯಲ್ಲಿ, ಟ್ರೇಲರ್ ಎಳೆಯಲೆಂದು, ಎರಡು ಇಂಚಿನ ಒಂದು ಚೌಕ ಕೊಳವೆ ಇರುತ್ತದೆ. ಅದರೊಳಗೆ ಕ್ಯಾರಿಯರಿನ ಬಾಲವನ್ನು ತೂರಿಸಿ, ಅಡ್ಡ ಪಿನ್ನು ಹಾಕಿದರೆ ಆಯಿತು. ಬೇಡವಾದಾಗ ಕಳಚಿ ಗೋಡೆಗೆ ಒರಗಿಸುವುದು. ಕಂಬದಿಂದ ಎರಡು ತೋಳು ಚಾಚಿ, ಅವುಗಳ ಮೇಲೆ ಸೈಕಲ್ಲಿನ ನಡುಬಾರನ್ನು ನೇತು ಹಾಕಿದ್ದರು. ನೋಡಲು ಸುಲಭವೇ. ನನ್ನ ಜೀಪಿಗೆ ಆ ಕೊಳವೆ ಇಲ್ಲ. ಬಂಪರ್ ಇತ್ತಲ್ಲ! ಮನೆಯ ಶೆಡ್ಡಿನಲ್ಲಿದ್ದ ಆ್ಯಂಗಲ್ ಕಬ್ಬಿಣವನ್ನು ಬಂಪರಿಗೆ ಬೆಸೆಸಿ, ಕಂಬ ನಿಲ್ಲಿಸಿ, ಎರಡು ತೋಳು ಮಾಡಿಸಿದೆ. ಕರಿ ಬಣ್ಣ ಬಳಿದ ಮೇಲೆ ಫೋಟೋದಲ್ಲಿದ್ದುದಕ್ಕಿಂತ ನನ್ನದೇ ಚೆಂದವೆಂದು ಮನೆಯವರಿಗೆ ತೋರಿಸಿದ್ದೂ ಉಂಟು.

ಮೊದಲ ತಪ್ಪು ಮಸ್ಕಿಯಲ್ಲೇ ಕಂಡಿತು. ಹುಡುಗಿಯ ಸೈಕಲ್ಲು ಲೇಡೀಸ್ ಸೈಕಲ್ಲು. ಅದಕ್ಕೆ ನೇತು ಹಾಕಲು ನಡುಬಾರೇ ಇಲ್ಲ! ಓರೆಯಾದ ಪೈಪನ್ನೇ ತೋಳಿಗೆ ಸಿಕ್ಕಿಸಿ ಹಗ್ಗ ಸುತ್ತಿದೆವು. ಪಕ್ಕಕ್ಕೆ ಮೇಸ್ತ್ರಿಯವರ ತಮ್ಮನ ಹಳೆಯ ಸೈಕಲ್ಲು. ಹೊರಡುವ ಮುಂಚೆ ಹುಡುಗಿಗೂ ಅವಳ ತಮ್ಮನಿಗೂ ಅಶೋಕನ ಶಾಸನ ತೋರಿಸಿದೆ. ಗಣಿ ಎಂಜಿನಿಯರ್ ಬೀಡನ್ 1915ರಲ್ಲಿ ಕಂಡುಹಿಡಿದದ್ದು, ಅಶೋಕನ ಹೆಸರನ್ನೇ ಹೇಳುವ ಶಾಸನ. ಎರಡು ಸಾವಿರ ವರ್ಷ ದಾಟಿದ ಅಕ್ಷರ ಅಲ್ಲಿ ನಿಂತಿದೆ. ನನ್ನ ವೆಲ್ಡಿಂಗು ಅಲ್ಲಿಂದ ಹದಿನೈದು ಕಿಲೋಮೀಟರ್ ನಿಲ್ಲಲಿಲ್ಲ.

ಸಿಂಧನೂರಿನ ದಾರಿಯಲ್ಲಿ ಒಂದು ರಸ್ತೆ ಉಬ್ಬು. ಹತ್ತಿ ಇಳಿದೆ, ಹಿಂದೆ ಟಣ್ ಎಂದಿತು. ಕಂಬ ಬುಡದಲ್ಲಿ ಮುರಿದು, ಹುಡುಗಿಯ ಸೈಕಲ್ಲು ಹಗ್ಗದಲ್ಲಿ ಜೋತು ರಸ್ತೆಯ ಮೇಲೆ ಎಳೆದಾಡುತ್ತಿತ್ತು. ಹಿಂದೆ ಒಂದು ಮೋಟಾರ್‌ಸೈಕಲ್ಲಿನಲ್ಲಿ ಗಂಡ, ಹೆಂಡತಿ, ನಡುವೆ ಮೂರು ವರ್ಷದ ಕೂಸು. ಆತ ರಸ್ತೆಯಿಂದ ಕೆಳಗೆ ಇಳಿಸಿಬಿಟ್ಟ. ಮಣ್ಣಿನಲ್ಲಿ ಮೂವರೂ ಉರುಳಿದರು. ಆ ತಾಯಿಯ ಮೊಣಕೈ ತರಚಿತು. ಕೂಸಿಗೆ ಏನೂ ಆಗಲಿಲ್ಲ. ಎದುರಿನಿಂದ ಲಾರಿ ಬಂದು, ಆತ ಬಲಕ್ಕೆ ತಿರುಗಿಸಿದ್ದರೆ ಎಂಬುದನ್ನು ನಾನು ಈಗಲೂ ಪೂರ್ತಿ ಯೋಚಿಸುವುದಿಲ್ಲ. “ಕಟ್ಟಾಕ ಬರಂಗಿಲ್ಲಂದ್ರ ಯಾಕ ತರ್ತೀರಿ?” ಎಂದು ಆತ ಕೇಳಿದ. ಪದವೀಧರನಾದ ನನ್ನ ಬಳಿ ಉತ್ತರವಿರಲಿಲ್ಲ. ಅವರನ್ನು ಸಿಂಧನೂರಿನ ದವಾಖಾನೆಗೆ ಕರೆದೊಯ್ದು, ಪಟ್ಟಿ ಕಟ್ಟಿಸಿ ಕಳಿಸಿದೆ. ಹುಡುಗಿ ಇಷ್ಟು ಹೊತ್ತೂ ಸೊಟ್ಟಗಾದ ಮುಂಗಾಲಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಒಂದು ಮಾತೂ ಆಡಲಿಲ್ಲ.

ಸಿಂಧನೂರಿನ ಹೊರಗೆ ಒಂದು ವೆಲ್ಡಿಂಗ್ ಅಂಗಡಿ. ಭತ್ತದ ಕೊಯ್ಲಿನ ಕಾಲ, ಎದುರಿಗೆ ಎರಡು ಕಟಾವು ಯಂತ್ರಗಳು ನಿಂತಿದ್ದವು. ಅವುಗಳ ಬೆನ್ನಿಗೆ ಒಂದೊಂದು ಮೋಟಾರ್‌ಸೈಕಲ್! ಯಂತ್ರದವರು ಊರಿಂದೂರಿಗೆ ಹೋಗುವವರು, ಡೀಸೆಲ್ಲಿಗೆ, ಊಟಕ್ಕೆ ಓಡಾಡಲು ಗಾಡಿ ಬೇಕು. ಚಾನೆಲ್ ಕಬ್ಬಿಣದ ತೊಟ್ಟಿಲಿನಲ್ಲಿ ಎರಡೂ ಚಕ್ರ ಕೂರಿಸಿ ಬಿಗಿದಿದ್ದರು. ಇದೇ ವಿದ್ಯೆ ನನಗೆ ಬೇಕಾಗಿದ್ದದ್ದು.

ಅಂಗಡಿಯವರು ನನ್ನ ಮುರಿದ ಕಂಬವನ್ನು ಬಿಸಿಲಿಗೆ ಹಿಡಿದು ನೋಡಿದರು. “ಈ ರಾಡ್ ಹಸಿ ಇತ್ತೇನ್ರಿ? ಒಳಗ ನೋಡ್ರಿಲ್ಲಿ, ಜೇನುಗೂಡು ಆಗೈತಿ.” ನಮ್ಮ ಮಲೆನಾಡಿನ ಆಗಸ್ಟ್! ಶೆಡ್ಡಿನಲ್ಲಿ ಬಾಯಿ ತೆರೆದಿಟ್ಟ ವೆಲ್ಡಿಂಗ್ ರಾಡಿನ ಲೇಪ ತೇವ ಹೀರುತ್ತದೆ, ಬೆಸುಗೆಯೊಳಗೆ ಗುಳ್ಳೆ ಬೀಳುತ್ತದೆ, ಮೇಲಿನಿಂದ ಏನೂ ಕಾಣುವುದಿಲ್ಲ. ನಮ್ಮವರು ಇದನ್ನು ಗಮನಿಸಬೇಕು. ಮಳೆಗಾಲದಲ್ಲಿ ರಾಡುಗಳನ್ನು ಮುಚ್ಚಿದ ಡಬ್ಬಿಯಲ್ಲಿಡಿ. ಭಾರ ಹೊರುವ ಬೆಸುಗೆಗೆ ಒಣಗಿಸದ ರಾಡು ಬೇಡ.

“ಮತ್ತ ಸಾವ್ಕಾರ್ರ, ಬಂಪರ್ ಅಂದ್ರ ಮುಖಕ್ಕ ಹಚ್ಚಿದ ಪೌಡರ್ ಇದ್ದಂಗ್ರಿ. ಭಾರ ಹೊರಾಕ ಚಾಸಿ ಬೇಕು” ಎಂದರು. ಅವರು ಮಾಡಿಕೊಟ್ಟ ಕೆಲಸ ಹೀಗಿದೆ.

60 ಮಿ.ಮೀ. ಚೌಕ ಪೈಪು, 4 ಮಿ.ಮೀ. ದಪ್ಪ. ಇದು ಹೊರಕೊಳವೆ. ಒಳಗೆ 52 ಮಿ.ಮೀ. ಸಿಗುತ್ತದೆ, ಒಳಸೀಮಿನ ಏಣನ್ನು ಅರದಿಂದ ತೆಗೆದರೆ 50 ಮಿ.ಮೀ. ಪೈಪು ಸಲೀಸಾಗಿ ಜಾರುತ್ತದೆ. ಹೊರಕೊಳವೆಯನ್ನು ಚಾಸಿಯ ಹಿಂದಿನ ಅಡ್ಡಪಟ್ಟಿಗೆ ಒಂದು ಕಡೆ, ಅಲ್ಲಿಂದ ಮುಂದಕ್ಕೆ ಇನ್ನೊಂದು ಕಡೆ, 10 ಮಿ.ಮೀ. ಪ್ಲೇಟು ಕೊಟ್ಟು ಬೋಲ್ಟಿನಲ್ಲಿ ಬಿಗಿದರು. ಚಾಸಿಗೆ ನೇರವಾಗಿ ಬೆಸೆಯಲಿಲ್ಲ. ಬೆಸುಗೆಯ ಕಾವಿಗೆ ಅಲ್ಲಿನ ಕಬ್ಬಿಣದ ಗುಣ ಕೆಡುತ್ತದೆ, ಮುಂದೆ ಬಿರುಕು ಅಲ್ಲಿಂದಲೇ ಶುರು. ತೂತು ಕೊರೆದದ್ದೂ ಚಾಸಿಯ ನಿಂತ ಮೈಯಲ್ಲಿ, ಮೇಲಿನ ಕೆಳಗಿನ ಅಂಚುಗಳಲ್ಲಿ ಅಲ್ಲ.

ಒಳಪೈಪು ಕೊಳವೆಯೊಳಗೆ ಎಷ್ಟು ಉದ್ದ ಹೋಗಬೇಕು ಎಂಬುದೇ ಮುಖ್ಯ, ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಸೈಕಲ್ಲೊಂದಕ್ಕೆ 20 ಕೆ.ಜಿ., ಕ್ಯಾರಿಯರ್ 20 ಕೆ.ಜಿ., ಎರಡು ಸೈಕಲ್ಲಿಗೆ ಒಟ್ಟು 60 ಕೆ.ಜಿ. ಈ ಭಾರ ಕೊಳವೆಯ ಬಾಯಿಂದ 60 ಸೆಂ.ಮೀ. ಹಿಂದಕ್ಕೆ ನೇತಾಡುತ್ತದೆ. ಪೈಪು 20 ಸೆಂ.ಮೀ. ಮಾತ್ರ ಒಳಗಿದ್ದರೆ, ಅದರ ಒಳತುದಿ 180 ಕೆ.ಜಿ. ಬಲದಿಂದ ಮೇಲಕ್ಕೆ ಮೀಟುತ್ತದೆ. 40 ಸೆಂ.ಮೀ. ಒಳಗಿದ್ದರೆ 90 ಕೆ.ಜಿ. ಸಾಕು. ಇದು ಗಾಡಿ ನಿಂತಾಗಿನ ಮಾತು. ಗುಂಡಿಗೆ ಇಳಿದಾಗ ಎರಡು ಮೂರು ಪಟ್ಟು ಎಂದು ಹಿಡಿಯಿರಿ. ಏತದ ಮರ ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಭಾರಕ್ಕಿಂತ ಅದು ಎಷ್ಟು ದೂರದಲ್ಲಿದೆ ಎಂಬುದು ಕಬ್ಬಿಣವನ್ನು ಮುರಿಯುತ್ತದೆ. ನನ್ನ ಕಂಬ ಮುರಿದದ್ದೂ ಬುಡದಲ್ಲಿ, ಮೀಟುವ ಜಾಗದಲ್ಲಿ. ಅಲ್ಲಿ ಈಗ ಎರಡೂ ಬದಿಗೆ ಮುಮ್ಮೂಲೆ ಪ್ಲೇಟು ಇದೆ.

ಅಡ್ಡಪಿನ್ನಿಗೆ 16 ಮಿ.ಮೀ. ಹೈಟೆನ್ಸೈಲ್ ಬೋಲ್ಟು, ಸಡಿಲವಾಗದ ನೈಲಾನ್ ನಟ್ಟು. ಎರಡು ಪೈಪಿನ ನಡುವಿನ ಎರಡು ಮಿ.ಮೀ. ಸಂದು ಗಡಗಡ ಎನ್ನುತ್ತದೆ, ಆ ಗಡಗಡವೇ ದಿನಗಳೆದಂತೆ ತೂತನ್ನು ಕೊರೆದು ಅಗಲ ಮಾಡುವುದು. ಹೊರಕೊಳವೆಯ ಪಕ್ಕಕ್ಕೆ ಒಂದು ನಟ್ಟು ಬೆಸೆದು, ಅದರಲ್ಲಿ ಬೋಲ್ಟು ತಿರುಗಿಸಿ ಒಳಪೈಪನ್ನು ಒತ್ತಿ ಹಿಡಿಸಿದರು. ಇಷ್ಟು ಚಿಕ್ಕ ಕೆಲಸ, ಆದರೆ ಬೆಲೆಯುಳ್ಳದ್ದು.

ಮೇಲೆ ತೋಳುಗಳಿಲ್ಲ. ಎರಡು ಚಾನೆಲ್ ತೊಟ್ಟಿಲು, ಚಕ್ರಗಳು ಅದರಲ್ಲಿ ಕೂರುತ್ತವೆ. ಲೇಡೀಸ್ ಆಗಲಿ, ಜೆಂಟ್ಸ್ ಆಗಲಿ, ಮಕ್ಕಳದ್ದಾಗಲಿ ಭೇದವಿಲ್ಲ. ಮಧ್ಯದ ಕಂಬ ಸೈಕಲ್ ಓಲಾಡದಂತೆ ಕಟ್ಟುವುದಕ್ಕೆ ಮಾತ್ರ. ಕಟ್ಟಲು ಹಳೆಯ ಟ್ಯೂಬಿನ ಪಟ್ಟಿ ಬೇಡ, ಅದು ಎಳೆದಂತೆ ಹಿಗ್ಗುತ್ತದೆ. ಲಾರಿಯವರ ನೈಲಾನ್ ಬೆಲ್ಟು ತನ್ನಿ. ಸೈಲೆನ್ಸರಿನ ಬಾಯಿ ಎತ್ತ ಇದೆ ನೋಡಿಕೊಳ್ಳಿ. ಬಿಸಿ ಹೊಗೆ ನೇರವಾಗಿ ಸೈಕಲ್ ಟೈರಿಗೆ ಬಡಿದರೆ ಟೈರು ಕೆಡುತ್ತದೆ. ಬೆಸೆಯುವಾಗ ಜೀಪಿನ ಬ್ಯಾಟರಿ ತಂತಿ ಕಳಚಿರಬೇಕು, ಡೀಸೆಲ್ ಟ್ಯಾಂಕ್ ದೂರವಿರಬೇಕು. ಜಿ.ಐ. ಪೈಪಾದರೆ ಸತುವಿನ ಲೇಪವನ್ನು ಮೊದಲು ಉಜ್ಜಿ ತೆಗೆಯಬೇಕು. ಆ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ.

ಪೈಪು, ಪ್ಲೇಟು, ಬೋಲ್ಟು, ಕೂಲಿ ಸೇರಿ ನನಗೆ ಆಗ 2,800 ರೂ. ಆಯಿತು. ಸಂಜೆಯವರೆಗೆ ಕಾದದ್ದರಲ್ಲಿ ಪಕ್ಕದ ಸೈಕಲ್ ಶಾಪಿನವರು ಮುಂಗಾಲಿಯ ಕಡ್ಡಿಗಳನ್ನು ಎಳೆದು ಸೊಟ್ಟ ತೆಗೆದರು.

ಮೋಟಾರ್‌ಸೈಕಲ್ಲನ್ನೂ ಹೀಗೆ ಹೊರಬಹುದಲ್ಲ ಎಂದು ಸದಸ್ಯರೊಬ್ಬರು ಆಮೇಲೆ ಕೇಳಿದರು. ಜೀಪಿಗೆ ಬೇಡ. ಕಟಾವು ಯಂತ್ರ ಟನ್ನುಗಟ್ಟಲೆ ತೂಗುತ್ತದೆ, ಅದಕ್ಕೆ ಮೋಟಾರ್‌ಸೈಕಲ್ಲು ಎಮ್ಮೆಯ ಮೇಲೆ ಕೂತ ಕಾಗೆ. ನಮ್ಮ ಹಳೆಯ ಜೀಪಿನ ಎರಡು ಅಚ್ಚುಗಳ ನಡುವೆ 91 ಇಂಚು, ಅಂದರೆ 2.3 ಮೀಟರ್. ಹಿಂದಿನ ಅಚ್ಚಿನಿಂದ 1.2 ಮೀಟರ್ ಹಿಂದೆ 60 ಕೆ.ಜಿ. ಇಟ್ಟರೆ ಮುಂಗಾಲಿಗಳ ಮೇಲಿನ ಭಾರ 31 ಕೆ.ಜಿ. ಕಡಿಮೆಯಾಗುತ್ತದೆ. ಮೋಟಾರ್‌ಸೈಕಲ್ಲೂ ಅದರ ದಪ್ಪ ಕ್ಯಾರಿಯರೂ ಸೇರಿ 150 ಕೆ.ಜಿ. ಆದರೆ 78 ಕೆ.ಜಿ. ಕಡಿಮೆ. ಮಳೆಯಲ್ಲಿ ಘಾಟಿ ಇಳಿಯುವಾಗ ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಿರುಗದಿದ್ದರೆ ಏನಾದೀತು ನೀವೇ ಊಹಿಸಿ.

ಕಾಯಿದೆಯ ಮಾತನ್ನು ಬಿಡುವಂತಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಂ ವಾಹನದ ಮೂಲ ವಿನ್ಯಾಸ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಬಿಗಿಯಾಗಿ ಎತ್ತಿ ಹಿಡಿಯಿತು. ಮುಂದಿನ ಬುಲ್‌ಬಾರುಗಳಂತೂ 2017ರ ಡಿಸೆಂಬರಿನಿಂದಲೇ ನಿಷಿದ್ಧ. 2019ರ ತಿದ್ದುಪಡಿಯ ಪ್ರಕಾರ ಹೇರಿದ ಸಾಮಾನು ಅನುಮತಿ ಮೀರಿ ಹೊರಚಾಚಿದರೆ 20,000 ರೂ. ದಂಡ. ಆದ್ದರಿಂದ ಕೊಳವೆ ಹಾಕಿಸುವ ಮುಂಚೆ ನಿಮ್ಮ ಆರ್.ಟಿ.ಓ. ಕಚೇರಿಯಲ್ಲಿ ಕೇಳಿ, ಒಪ್ಪಿಗೆ ಬೇಕೆಂದರೆ ಬರವಣಿಗೆಯಲ್ಲಿ ಪಡೆಯಿರಿ. ನಾನು ಮೊದಲು ಹಾಕಿಸಿ, ಆಮೇಲೆ ಕೇಳಿದವನು. ಆ ಕ್ರಮ ಸರಿಯಲ್ಲ. ಏನೇ ಆದರೂ ಸೈಕಲ್ಲು ಜೀಪಿನ ಅಗಲ ಮೀರಬಾರದು, ನಂಬರ್ ಪ್ಲೇಟೂ ಹಿಂದಿನ ದೀಪಗಳೂ ಮುಚ್ಚಬಾರದು. ಸೈಕಲ್ ಇಲ್ಲದಾಗ ಕ್ಯಾರಿಯರನ್ನು ಕಳಚಿಡಿ. ಕತ್ತಲಲ್ಲಿ ಅದು ಹಿಂದಿನವನ ಮೊಣಕಾಲಿಗೆ ಕಾದು ನಿಂತ ಗೂಟ.

ಗಂಗಾವತಿ, ಹೊಸಪೇಟೆ, ಚಿತ್ರದುರ್ಗದ ಮೇಲೆ ಹಾದು ಮರುದಿನ ತೋಟ ಸೇರಿದೆವು. ಮೊದಲ ಹತ್ತು ಕಿಲೋಮೀಟರಿಗೆ ಒಮ್ಮೆ, ಆಮೇಲೆ ಐವತ್ತಕ್ಕೊಮ್ಮೆ ಇಳಿದು ಬೋಲ್ಟು, ಬೆಲ್ಟು ಮುಟ್ಟಿ ನೋಡಿದೆ. ಪ್ರತಿ ಸಲ ಹುಡುಗಿಯೂ ನನ್ನ ಜೊತೆ ಇಳಿದು ಮುಂಗಾಲಿ ತಿರುಗಿಸಿ ನೋಡುತ್ತಿದ್ದಳು. ಸೋಮವಾರ ಬೆಳಿಗ್ಗೆ ಎಂಟೂವರೆಗೆ ಅವಳು ಗೇಟು ದಾಟಿದಳು. ಚಕ್ರ ಇನ್ನೂ ಸ್ವಲ್ಪ ಓಲಾಡುತ್ತಿತ್ತು.

ಅದೇ ಕೊಳವೆಗೆ ಈಗ ನಾನು ಇನ್ನೊಂದು ಚಿಕ್ಕ ಹಲಗೆ ಮಾಡಿಸಿದ್ದೇನೆ. ಅಡಿಕೆಗೆ ಬೋರ್ಡೋ ಹೊಡೆಯುವ ಪಂಪು ಅದರ ಮೇಲೆ ಕೂರುತ್ತದೆ, ತೋಟದೊಳಗಿನ ಓಡಾಟಕ್ಕೆ ಅನುಕೂಲ. ಅಳತೆಯ ನಕ್ಷೆ ಸಂಘದ ಕಚೇರಿಯಲ್ಲಿದೆ, ಬೇಕಾದವರು ಬಂದು ಬರೆದುಕೊಳ್ಳಬಹುದು. ಮುರಿದ ಹಳೆಯ ಕಂಬವನ್ನೂ ಅಲ್ಲೇ ಕಿಟಕಿಯ ಮೇಲೆ ಇಟ್ಟಿದ್ದೇನೆ. ಬೆಸುಗೆಯೊಳಗಿನ ಗುಳ್ಳೆ ಬರಿಗಣ್ಣಿಗೇ ಕಾಣುತ್ತದೆ.