‘ಜಪಾನ್ ನೋಡಿ ಕಲೀರಿ’ ಅಂದ ಕವಿಯೇ ಜಪಾನಿಗೆ ಛೀಮಾರಿ ಹಾಕಿದ ಕಥೆ

ರಾಮನಗರದಲ್ಲಿ ಯಾವ ಕೆಲಸ ಕೆಟ್ಟರೂ ಜಪಾನಿನ ಹೆಸರು ಬರುತ್ತೆ. ಬಸ್ಸು ತಡವಾಯ್ತೇ? ‘ಜಪಾನಲ್ಲಾಗಿದ್ರೆ ಗೊತ್ತಾಗ್ತಿತ್ತು.’ ಮೋರಿ ಕಟ್ಟಿಕೊಂಡು ರಸ್ತೆಗೆ ಹರೀತೇ? ‘ಆ ಜನಾನ ನೋಡಿ ಕಲೀಬೇಕು ಕಣ್ರೀ.’ ಹೇಳುವವರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಜಪಾನನ್ನು ನೋಡಿದವರಲ್ಲ. ಆದರೂ ಮಾತಿಗೆ ಕಾರಣ ಇಲ್ಲದೆ ಇಲ್ಲ. ಪಕ್ಕದ ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ 1999ರ ಕೊನೆಯಿಂದ ಗಾಡಿ ತಯಾರಿಸುತ್ತಿದೆ. ನಮ್ಮ ಗೂಡಿನ ಮಾರುಕಟ್ಟೆಗೆ ಬರುವ ಬಿಳಿಗೂಡಿನ ಹಿಂದೆಯೂ ಜಪಾನಿನ ಕೈಯಿದೆ. 1990ರ ದಶಕದಲ್ಲಿ ಅಲ್ಲಿಯ ತಜ್ಞರು ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಗೆ ಬಂದು ನಮ್ಮ ವಿಜ್ಞಾನಿಗಳ ಜೊತೆ ದುಡಿದಿದ್ದರು. ಅದಕ್ಕೂ ಮುಂಚೆ, ಸರ್ ಎಂ. ವಿಶ್ವೇಶ್ವರಯ್ಯನವರು 1898ರಷ್ಟು ಹಿಂದೆಯೇ ಜಪಾನಿಗೆ ಹೋಗಿ ಅಲ್ಲಿನ ಶಾಲೆ, ಕೈಗಾರಿಕೆ ಕಂಡು ಮರುಳಾಗಿ ಬಂದವರು.

ಹೊಗಳಲಿ, ಬೇಡ ಅನ್ನೋರು ಯಾರು? ಆದರೆ ಮೆಚ್ಚಿದ ದೇಶ ಕಣ್ಣೆದುರೇ ಹಾದಿ ತಪ್ಪಿದರೆ ಮೆಚ್ಚಿದವನು ಏನು ಮಾಡಬೇಕು? ಈ ಪಾಡು ಒಬ್ಬ ದೊಡ್ಡ ಮನುಷ್ಯನಿಗೆ ಬಂದಿತ್ತು. ಅವರು ರವೀಂದ್ರನಾಥ ಠಾಕೂರ್.

1902ರಲ್ಲಿ ಒಕಾಕುರ ಎಂಬ ಜಪಾನಿ ಕಲಾಪಂಡಿತ ಕಲ್ಕತ್ತಕ್ಕೆ ಬಂದು ಠಾಕೂರ್ ಮನೆಯವರ ಒಡನಾಡಿಯಾದ. ಏಷ್ಯಾ ಎಲ್ಲಾ ಒಂದೇ ಎಂಬುದು ಅವನ ವಾದ. ರವೀಂದ್ರರಿಗೆ ಅದು ಹಿಡಿಸಿತು. 1905ರಲ್ಲಿ ಜಪಾನ್ ರಷ್ಯಾವನ್ನು ಸಮುದ್ರದಲ್ಲಿ ಬಗ್ಗುಬಡಿದಾಗ ಶಾಂತಿನಿಕೇತನದ ಹುಡುಗರನ್ನು ಕಟ್ಟಿಕೊಂಡು ವಿಜಯದ ಮೆರವಣಿಗೆಯನ್ನೇ ಹೊರಡಿಸಿದರು! ಬಿಳಿಯರ ಕಾಲ ಕೆಳಗೆ ಬಿದ್ದಿದ್ದ ಏಷ್ಯಾದಲ್ಲಿ ಒಬ್ಬನಾದರೂ ಎದ್ದು ನಿಂತನಲ್ಲ ಎಂಬ ಖುಷಿ. ಆವತ್ತು ಆ ಖುಷಿ ಪಡದ ಭಾರತೀಯ ಯಾರಿದ್ದ ಹೇಳಿ.

ಕವಿ ಜಪಾನ್ ನೆಲ ಮೆಟ್ಟಿದ್ದು 1916ರ ಮೇ ಕೊನೆಯಲ್ಲಿ. ಕಲ್ಕತ್ತದಿಂದ ‘ತೋಸಾ ಮಾರು’ ಎಂಬ ಜಪಾನಿ ಹಡಗಿನಲ್ಲಿ ಹೊರಟು ರಂಗೂನ್, ಸಿಂಗಪುರ, ಹಾಂಗ್‌ಕಾಂಗ್ ಹಾದು ಕೋಬೆ ಬಂದರಿಗೆ ಇಳಿದರು. (ಇಲ್ಲೊಂದು ತಮಾಷೆ. ಅದಕ್ಕೆ ಒಂದು ವರ್ಷ ಮುಂಚೆ ಕ್ರಾಂತಿಕಾರಿ ರಾಸ್ ಬಿಹಾರಿ ಬೋಸ್ ಬ್ರಿಟಿಷರ ಕೈಗೆ ಸಿಗದೆ ಜಪಾನಿಗೆ ಹಾರಿದ್ದು ಕವಿಯ ನೆಂಟ ‘ಪಿ.ಎನ್. ಠಾಕೂರ್’ ಅಂತ ಸುಳ್ಳು ಹೆಸರು ಹೇಳಿಕೊಂಡು!) ನೊಬೆಲ್ ಪಡೆದ ಮೊದಲ ಏಷ್ಯಾದವನೆಂದು ಜಪಾನಿನಲ್ಲಿ ಜಾತ್ರೆಯಂಥ ಸ್ವಾಗತ. ಟೋಕಿಯೋ ಸ್ಟೇಷನ್ನಿನಲ್ಲಿ ಸಾವಿರಾರು ಜನ. ದೇವಾಲಯವೊಂದರ ಸನ್ಮಾನಕ್ಕೆ ಪ್ರಧಾನಿ ಒಕುಮ ಅವರೇ ಹಾಜರು.

ಕವಿ ಕಣ್ಣಿಗೆ ಮೊದಲು ಬಿದ್ದದ್ದು ಕಾರ್ಖಾನೆಯಲ್ಲ, ಬೀದಿ. ಇಷ್ಟು ಗಿಜಿಗುಡುವ ರಸ್ತೆ, ಆದರೆ ಕೂಗಾಟ ಇಲ್ಲ. ಗಾಡಿಗೆ ಯಾರಾದರೂ ಅಡ್ಡ ಬಂದರೆ ಗಾಡಿಯವನು ಸುಮ್ಮನೆ ಕಾಯ್ತಾನೆ, ಬೈಗುಳ ಇಲ್ಲ. ಶಕ್ತಿಯನ್ನು ಬೀದಿಜಗಳದಲ್ಲಿ ಪೋಲು ಮಾಡದ ಜನ ಇವರು ಅಂತ ತಮ್ಮ ಪ್ರವಾಸಕಥನ ‘ಜಪಾನ್ ಜಾತ್ರಿ’ಯಲ್ಲಿ ಬರೆದರು. ನಮ್ಮ ಬಸ್ ಸ್ಟ್ಯಾಂಡಿನ ಗಲಾಟೆ ಕೇಳಿದವರಿಗೆ ಈ ಮಾತಿನ ಬೆಲೆ ಗೊತ್ತಾಗುತ್ತೆ. ಮೂರೇ ಸಾಲಿನ ಪುಟ್ಟ ಕವಿತೆ, ಖಾಲಿ ಗೋಡೆಗೆ ಒಂದೇ ಒಂದು ಚಿತ್ರ, ಹೂವನ್ನು ದೇವರಂತೆ ಇಡುವ ರೀತಿ, ಎಲ್ಲದಕ್ಕೂ ಮಾರುಹೋದರು. ಯೊಕೊಹಾಮದಲ್ಲಿ ಹಾರಾ ಎಂಬ ಶ್ರೀಮಂತ ರೇಷ್ಮೆ ವ್ಯಾಪಾರಿಯ ತೋಟದ ಮನೆಯಲ್ಲಿ ತಿಂಗಳುಗಟ್ಟಲೆ ಉಳಿದರು. ರೇಷ್ಮೆ ವ್ಯಾಪಾರಿ ಅನ್ನೋದನ್ನ ನಮ್ಮ ರಾಮನಗರದವರು ಗಮನಿಸಬೇಕು!

ಸ್ವಾಗತದ ಹೂ ಬಾಡಿತು

ಇಷ್ಟೆಲ್ಲ ಮೆಚ್ಚಿದ ಮನುಷ್ಯ ಭಾಷಣಕ್ಕೆ ನಿಂತಾಗ ಮುಖಸ್ತುತಿ ಮಾಡಲಿಲ್ಲ. ಜೂನ್‌ನಲ್ಲಿ ಟೋಕಿಯೋ ವಿಶ್ವವಿದ್ಯಾಲಯದಲ್ಲಿ, ಜುಲೈನಲ್ಲಿ ಕೇಯೊ ವಿಶ್ವವಿದ್ಯಾಲಯದಲ್ಲಿ ಆಡಿದ ಮಾತಿನ ತಿರುಳು ಇಷ್ಟು: ನೀವು ಯೂರೋಪಿನಿಂದ ಯಂತ್ರ ಕಲಿತಿರಿ, ಒಳ್ಳೆಯದು. ಆದರೆ ಪಕ್ಕದವನನ್ನು ತುಳಿದು ಬದುಕುವ ಯೂರೋಪಿನ ರಾಷ್ಟ್ರದ ಹುಚ್ಚನ್ನೂ ಜೊತೆಗೇ ತಂದುಕೊಳ್ಳಬೇಡಿ. ಆ ಹೊತ್ತಿಗೆ ಜಪಾನ್ ಕೊರಿಯಾವನ್ನು ನುಂಗಿ ಆರು ವರ್ಷವಾಗಿತ್ತು. ಚೀನಾದ ಮೇಲೂ ಕಣ್ಣು ಬಿದ್ದಿತ್ತು.

ಅತಿಥಿ ಅಂದಮೇಲೆ ಹೊಗಳಿ ಹೋಗಬೇಕು ತಾನೇ? ಪತ್ರಿಕೆಗಳಿಗೆ ಉರಿ ಹತ್ತಿತು. ಗುಲಾಮ ದೇಶದಿಂದ ಬಂದವನು, ಸೋತ ಜನರ ಕವಿ, ಇವನ ಉಪದೇಶ ನಮಗ್ಯಾಕೆ ಅಂದವು. ಸೆಪ್ಟೆಂಬರಿನಲ್ಲಿ ಕವಿ ಅಮೆರಿಕದ ಹಡಗು ಹತ್ತುವಾಗ ಆ ಮೊದಲಿನ ಸಡಗರ ಇರಲಿಲ್ಲ.

ನನಗನ್ನಿಸೋದು, ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಜಪಾನಿನ ಸಹವಾಸ ಬಿಟ್ಟುಬಿಡುತ್ತಿದ್ದರು. ಇವರು ಬಿಡಲಿಲ್ಲ. 1924ರಲ್ಲಿ ಮತ್ತೆ ಹೋದರು, 1929ರಲ್ಲಿ ಮತ್ತೆ. ಜೂಡೋ ಕಲಿಸಲು ತಕಗಾಕಿ ಎಂಬ ಗುರುವನ್ನು ಶಾಂತಿನಿಕೇತನಕ್ಕೆ ಕರೆಸಿದರು. ಅದೇ 1929ರಲ್ಲಿ, ಜಪಾನಿನ ಕೈಕೆಳಗೆ ನಲುಗುತ್ತಿದ್ದ ಕೊರಿಯಾದ ಪತ್ರಿಕೆಗೆ ನಾಲ್ಕು ಸಾಲಿನ ಪದ್ಯವನ್ನೂ ಬರೆದುಕೊಟ್ಟರು. ಜಪಾನಿನಿಂದ ಕಲಿಯುವುದು ಒಂದು ಕಡೆ, ಜಪಾನಿನಿಂದ ಪೆಟ್ಟು ತಿಂದವನ ಬೆನ್ನು ಸವರುವುದು ಇನ್ನೊಂದು ಕಡೆ. ಎರಡೂ ಒಟ್ಟಿಗೆ ನಡೆಯಿತು.

ಗೆಳೆಯನ ಪತ್ರ

1937ರಲ್ಲಿ ಜಪಾನ್ ಚೀನಾದ ಮೇಲೆ ಪೂರಾ ಯುದ್ಧಕ್ಕೇ ಇಳಿಯಿತು. ಡಿಸೆಂಬರಿನಲ್ಲಿ ನಾನ್‌ಜಿಂಗ್ ಬಿತ್ತು. ಅಲ್ಲಿ ನಡೆದ ಕೊಲೆ, ಅತ್ಯಾಚಾರ ಜಗತ್ತಿಗೇ ಗೊತ್ತು. ಯುದ್ಧ ಗೆಲ್ಲಿಸು ಅಂತ ಜಪಾನಿ ಸೈನಿಕರು ಬುದ್ಧನ ಗುಡಿಗೆ ಹೋಗಿ ಬೇಡಿಕೊಂಡ ಸುದ್ದಿ ಓದಿ ಕವಿ ಕಟಕಿಯ ಪದ್ಯ ಬರೆದರು. ಕೊಲ್ಲೋಕೆ ಹೊರಟವರು ಬುದ್ಧನ ಹತ್ತಿರ ವರ ಕೇಳಿದರೆ ಇನ್ನೇನು ಬರೆದಾರು!

ಜಪಾನಿನ ಹೆಸರಾಂತ ಕವಿ ಯೋನೆ ನೊಗುಚಿ ರವೀಂದ್ರರ ಸ್ನೇಹಿತ. 1935ರಲ್ಲಿ ಶಾಂತಿನಿಕೇತನಕ್ಕೂ ಬಂದು ಸತ್ಕಾರ ಪಡೆದಿದ್ದವನು. 1938ರ ಜುಲೈ 23ರಂದು ರವೀಂದ್ರರಿಗೆ ಕಾಗದ ಬರೆದ. ಈ ಯುದ್ಧ ಏಷ್ಯಾಕ್ಕಾಗಿ. ಹೊಸ ಏಷ್ಯಾ ಕಟ್ಟಬೇಕಾದರೆ ಬೇರೆ ದಾರಿ ಇಲ್ಲ, ನೀವು ಅರ್ಥ ಮಾಡಿಕೊಳ್ಳಬೇಕು ಅಂತ. ಅಂದರೆ ಒಕಾಕುರನ ‘ಏಷ್ಯಾ ಒಂದೇ’ ಮಾತನ್ನೇ ಬಂದೂಕಿಗೆ ಕಟ್ಟಿ ತಂದಿದ್ದ.

ಕವಿಗೆ ಆಗ 77 ವರ್ಷ. ಹಿಂದಿನ ವರ್ಷ ಸಾವಿನ ಬಾಗಿಲಿಗೆ ಹೋಗಿ ಬಂದ ದೇಹ. ಸೆಪ್ಟೆಂಬರ್ 1ರಂದು ಉತ್ತರ ಬರೆದರು. ತಲೆಬುರುಡೆಗಳನ್ನು ಗೋಪುರದಂತೆ ಪೇರಿಸಿ ಅದರ ಮೇಲೆ ಕಟ್ಟುವ ಏಷ್ಯಾ ನಿಮ್ಮದು ಅಂದರು. ಚೀನಾದ ಸಂಕಟದ ಸುದ್ದಿ ಎದೆಗೆ ಬಡಿಯುತ್ತಿದೆ, ಅದರ ಜೊತೆಗೆ ಇನ್ನೊಂದು ನೋವು ಇದೆ: ‘ನೋಡಿ, ದೊಡ್ಡ ಜಪಾನ್’ ಅಂತ ಹೆಮ್ಮೆಯಿಂದ ಬೆರಳು ಮಾಡಿ ತೋರಿಸಲು ಇನ್ನು ನನ್ನಿಂದಾಗದು ಅಂದರು.

ಈ ಬೆರಳಿನ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಪಿಯುಸಿಯನ್ನೂ ಮುಗಿಸದ ನಾನು, ನೀವು, ನಮ್ಮ ಚಹದಂಗಡಿಯ ಮಹನೀಯರು, ಎಲ್ಲ ತೋರಿಸೋದು ಅದೇ ಬೆರಳನ್ನೇ. ನಲವತ್ತು ವರ್ಷ ತೋರಿಸಿದ ಬೆರಳನ್ನು ಮಡಚೋದು ಸುಲಭ ಅಲ್ಲ. ತನ್ನ ಹಳೆಯ ಮಾತಿಗೆ ತಾನೇ ಅಡ್ಡ ನಿಲ್ಲಬೇಕು. ಅದೂ ಇಂಗ್ಲಿಷರ ವೈರಿ ನಮ್ಮ ಸ್ನೇಹಿತ ಅಂತ ದೇಶದಲ್ಲಿ ಬಹಳ ಜನ ನಂಬಿದ್ದ ಕಾಲದಲ್ಲಿ! ಹಾಗಂತ ಕವಿ ಇಂಗ್ಲಿಷರ ಕಡೆಗೇನೂ ವಾಲಿದವರಲ್ಲ. ಜಲಿಯನ್‌ವಾಲಾಬಾಗ್ ಆದಮೇಲೆ 1919ರಲ್ಲಿ ‘ಸರ್’ ಪದವಿ ವಾಪಸ್ ಎಸೆದವರು. ಎರಡು ಕಡೆಗೂ ಒಂದೇ ತಕ್ಕಡಿ.

ನೊಗುಚಿ ಸುಮ್ಮನಾಗಲಿಲ್ಲ, ಅಕ್ಟೋಬರಿನಲ್ಲಿ ಮತ್ತೆ ವಾದ ಹೂಡಿದ. ಕವಿ ಮತ್ತೆ ಉತ್ತರಿಸಿದರು. ಕೊನೆಗೆ ಹೇಳಿದ್ದು, ನಾನು ಪ್ರೀತಿಸುವ ನಿಮ್ಮ ಜನಕ್ಕೆ ಗೆಲುವನ್ನು ಹಾರೈಸಲಾರೆ, ಪಶ್ಚಾತ್ತಾಪವನ್ನು ಹಾರೈಸುತ್ತೇನೆ ಅಂತ. ‘ಪ್ರೀತಿಸುವ’ ಅನ್ನೋ ಪದವನ್ನು ಆಗಲೂ ಹೊಡೆದುಹಾಕಲಿಲ್ಲ, ಗಮನಿಸಿ. ಪತ್ರಗಳು ಅಚ್ಚಾದವು, ಸ್ನೇಹ ಮುಗಿಯಿತು.

ಆ ಸೆಪ್ಟೆಂಬರಿನಲ್ಲೇ ಕಾಂಗ್ರೆಸ್ಸು ಐವರು ಡಾಕ್ಟರುಗಳನ್ನು ಚೀನಾಕ್ಕೆ ಕಳಿಸಿತು. ಅದರಲ್ಲಿ ನಮ್ಮ ಗಡಿಯಾಚೆ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸರೂ ಇದ್ದರು. ಗಾಯಾಳುಗಳ ಸೇವೆ ಮಾಡುತ್ತಾ 1942ರಲ್ಲಿ ಅಲ್ಲೇ ತೀರಿಕೊಂಡರು.

ರವೀಂದ್ರರು 1941ರ ಆಗಸ್ಟ್ 7ರಂದು ಕಣ್ಮುಚ್ಚಿದರು. ಪರ್ಲ್ ಹಾರ್ಬರ್ ಆದದ್ದು ಅದಾಗಿ ನಾಲ್ಕು ತಿಂಗಳಿಗೆ, ಹಿರೋಷಿಮಾ ಆದದ್ದು 1945ರಲ್ಲಿ. ಹೊಸ ಏಷ್ಯಾ ಕಟ್ಟುತ್ತೇವೆ ಅಂದ ನೊಗುಚಿಯ ಟೋಕಿಯೋ ಮನೆ ಅದೇ 1945ರಲ್ಲಿ ಅಮೆರಿಕದ ಬಾಂಬಿಗೆ ಸುಟ್ಟುಹೋಯಿತು. ಎರಡು ವರ್ಷಕ್ಕೆ ಆತನೂ ಹೋದ.