ದಿನಕ್ಕೆರಡಾಣೆಯ ಬಂಡವಾಳ

ಅದು 1928ನೆಯ ಇಸವಿ. ಉಡುಪಿಯ ಬೀದಿಗಳಲ್ಲಿ ಒಬ್ಬಾತ ಕೈಯಲ್ಲೊಂದು ಪುಸ್ತಕ ಹಿಡಿದು ಮನೆಯಿಂದ ಮನೆಗೆ, ಅಂಗಡಿಯಿಂದ ಅಂಗಡಿಗೆ ದಿನವೂ ತಪ್ಪದೆ ಬರುವುದು ಆರಂಭವಾಯಿತು. ಆತ ಸಾಲ ವಸೂಲಿಗೆ ಬಂದವನಲ್ಲ. ಉಳಿತಾಯದ ಹಣವನ್ನು ಒಯ್ಯಲು ಬಂದ ಬ್ಯಾಂಕಿನ ಪ್ರತಿನಿಧಿ. ಅವನಿಗೆ ಒಪ್ಪಿಸಬೇಕಾದುದು ದಿನಕ್ಕೆ ಕೇವಲ ಎರಡಾಣೆ. ‘ಪಿಗ್ಮಿ’ ಎಂದು ಇಂದಿಗೂ ಕನ್ನಡ ನಾಡಿನ ಸಣ್ಣ ವರ್ತಕರ ಬಾಯಲ್ಲಿ ನಿಂತಿರುವ ಠೇವಣಿ ಹುಟ್ಟಿದ್ದು ಹೀಗೆ.

ಈ ಯೋಜನೆಯನ್ನು ತಂದ ಬ್ಯಾಂಕಿನ ಜನ್ಮವೂ ಸಣ್ಣ ಕಸುಬುದಾರರ ಕಷ್ಟದಿಂದಲೇ ಆದುದು. ಕರಾವಳಿಯ ಕೈಮಗ್ಗದ ನೇಕಾರರು ಸಂಕಟಕ್ಕೆ ಸಿಕ್ಕಿದ್ದ ಕಾಲವದು. ಅವರಿಗೆ ನೆರವಾಗಬೇಕೆಂದು ವ್ಯಾಪಾರಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಕುಡ್ವ ಮತ್ತು ವೈದ್ಯರಾದ ಡಾಕ್ಟರ್ ಟಿ. ಎಂ. ಎ. ಪೈ, ಈ ಮೂವರು 1925ರಲ್ಲಿ 8,000 ರೂಪಾಯಿಗಳ ಬಂಡವಾಳದೊಡನೆ ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್’ ಸಂಸ್ಥೆಯನ್ನು ತೆರೆದರು. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ದೇಶಕ್ಕೆಲ್ಲ ಪರಿಚಿತವಾದ ಆ ಸಂಸ್ಥೆ 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಪುಸ್ತಕವೇ ಸಾಕ್ಷಿ

ಎರಡಾಣೆಯ ಲೆಕ್ಕವನ್ನು ಕೊಂಚ ಹಾಕಿ ನೋಡಬಹುದು. ಮೂವತ್ತು ದಿನಗಳಿಗೆ ಮೂರು ರೂಪಾಯಿ ಹನ್ನೆರಡಾಣೆ; ವರ್ಷ ತುಂಬಿದಾಗ ನಲವತ್ತೈದು ರೂಪಾಯಿ ಹತ್ತಾಣೆ. ಹನಿಗೂಡಿ ಹಳ್ಳವಾಗುವುದೆಂದರೆ ಇದೇ. ಗಲ್ಲಾಪೆಟ್ಟಿಗೆಯಲ್ಲಿ ಬಿದ್ದಿರುವ ಎರಡಾಣೆ ಸಂಜೆಯ ವೇಳೆಗೆ ಹೇಗೋ ಕರಗಿಹೋಗುತ್ತದೆ. ಪ್ರತಿನಿಧಿಯ ಕೈ ಸೇರಿದ್ದು ಉಳಿಯುತ್ತದೆ. ಅಂಗಡಿ ಬಿಟ್ಟೇಳಲಾಗದ ವರ್ತಕನಿಗೆ, ಬ್ಯಾಂಕಿನ ಮೆಟ್ಟಿಲು ಹತ್ತಲು ಸಂಕೋಚಪಡುವ ಗೃಹಿಣಿಗೆ, ಬ್ಯಾಂಕೇ ಹೊಸಿಲಿಗೆ ಬಂದಂತಾಯಿತು.

ಆದರೆ ಕೂಡಿದ ಹಣಕ್ಕಿಂತಲೂ ಬೆಲೆಯುಳ್ಳದ್ದು ಆ ಪುಸ್ತಕದ ಸಾಲುಗಳು. ಭೂಮಿಯಿಲ್ಲದವನು, ಆಭರಣವಿಲ್ಲದವನು ಸಾಲ ಕೇಳಿದಾಗ ಸಾಹುಕಾರನು ಮೊದಲು ವಿಚಾರಿಸುವುದು ಜಾಮೀನನ್ನು. ವರ್ಷವಿಡೀ ಒಂದು ದಿನವೂ ತಪ್ಪದೆ ಹಣ ಕಟ್ಟಿದವನ ಪುಸ್ತಕವಾದರೋ ಆತನ ಶಿಸ್ತಿಗೆ ತಾನೇ ಸಾಕ್ಷಿಯಾಗಿ ನಿಲ್ಲುತ್ತದೆ. ಇಂದಿಗೂ ಹೊಸದಾಗಿ ಕಸುಬು ಹೂಡುವವರಿಗೆ ಇಂತಹ ಕ್ರಮಬದ್ಧವಾದ ಖಾತೆಯೇ ಮೊದಲನೆಯ ಆಸ್ತಿ.

ಹಣಕ್ಕೆ ಮೊದಲು ತಿಳಿವಳಿಕೆ

ಸಾಲ ದೊರೆತ ಮಾತ್ರಕ್ಕೆ ಉದ್ಯಮ ನಡೆಯಲಾರದೆಂಬುದನ್ನು ಅದೇ ಕರಾವಳಿ ಬಲ್ಲದು. 1982ರಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು ಹಾಗೂ ಕೆನರಾ ಬ್ಯಾಂಕು ಒಂದಾಗಿ ಉಜಿರೆಯಲ್ಲಿ ‘ರುಡ್‌ಸೆಟ್’ ತರಬೇತಿ ಸಂಸ್ಥೆಯನ್ನು ತೆರೆದವು. ನಿರುದ್ಯೋಗಿ ಯುವಕ ಯುವತಿಯರು ಅಲ್ಲಿಯೇ ಉಳಿದು, ಊಟ ವಸತಿಗಳೊಡನೆ ಉಚಿತವಾಗಿ ಕಸುಬು ಕಲಿಯುವ ಏರ್ಪಾಡು ಅದು. ಕಸುಬಿನ ಜೊತೆಗೆ ಬೆಲೆ ಕಟ್ಟುವ ಬಗೆ, ಲೆಕ್ಕವಿಡುವ ಕ್ರಮ, ಗಿರಾಕಿಯನ್ನು ಅರಿಯುವ ಜಾಣ್ಮೆ, ಇವೂ ಅಲ್ಲಿನ ಪಾಠಗಳೇ. ಈ ಪ್ರಯೋಗದ ಮಾದರಿಯಲ್ಲಿಯೇ ಬ್ಯಾಂಕುಗಳ ಆಶ್ರಯದ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ದೇಶದ ಅನೇಕ ಜಿಲ್ಲೆಗಳಲ್ಲಿ ತಲೆಯೆತ್ತಿದವು.

ಬಂಡವಾಳದ ದಾರಿಯೂ ಇಂದು ಮೊದಲಿನಷ್ಟು ದುರ್ಗಮವಲ್ಲ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ‘ಶಿಶು’ ಎಂಬ ಮೊದಲ ಹಂತಕ್ಕೆ 50,000 ರೂಪಾಯಿಗಳವರೆಗೆ, ‘ಕಿಶೋರ’ಕ್ಕೆ 5 ಲಕ್ಷದವರೆಗೆ, ‘ತರುಣ’ಕ್ಕೆ 10 ಲಕ್ಷದವರೆಗೆ ಬ್ಯಾಂಕುಗಳು ಅಡವಿಲ್ಲದೆ ಸಾಲ ನೀಡುತ್ತವೆ. 2020ರ ಜುಲೈಯಿಂದ ಜಾರಿಯಲ್ಲಿರುವ ‘ಉದ್ಯಮ್’ ನೋಂದಣಿಗೆ ಸರ್ಕಾರದ ಶುಲ್ಕವಿಲ್ಲ. ಅದನ್ನು ಮಾಡಿಸಿಕೊಡುತ್ತೇವೆಂದು ಹಣ ಕೇಳುವ ದಲ್ಲಾಳಿಗಳಿಂದ ದೂರವಿರುವುದು ಲೇಸು.

ಕೈ ಬರಿದಾಗುವ ಘಳಿಗೆ

ಇಷ್ಟೆಲ್ಲ ನೆರವಿದ್ದರೂ ಎಷ್ಟೋ ಸಣ್ಣ ಉದ್ಯಮಗಳು ಎಳವೆಯಲ್ಲಿಯೇ ಬಾಡಿಹೋಗುವುದೇಕೆ? ಹಪ್ಪಳ ಮಾಡಿ ಮಾರಲು ಹೊರಟ ಒಬ್ಬ ಗೃಹಿಣಿಯನ್ನು ಊಹಿಸಿಕೊಳ್ಳಿರಿ. ಆಕೆಗೆ 50,000 ರೂಪಾಯಿ ಸಾಲ ಸಿಕ್ಕಿತು. ಅದರಲ್ಲಿ 40,000ವನ್ನು ಯಂತ್ರಕ್ಕೆ ಸುರಿದಳು. ಉಳಿದ 10,000ದಲ್ಲಿ ಉದ್ದು, ಮೆಣಸು, ಪೊಟ್ಟಣಗಳು ಬಂದವು. ಹಪ್ಪಳ ಸೊಗಸಾಗಿತ್ತು. ಅಂಗಡಿಯವನು ಮೆಚ್ಚಿ ಅಷ್ಟನ್ನೂ ಕೊಂಡ, ತಿಂಗಳ ಕಡದ ಮೇಲೆ! ಮರುವಾರ ಉದ್ದು ತರಲು ಕಾಸಿಲ್ಲ. ಯಂತ್ರ ಸುಮ್ಮನೆ ಕುಳಿತಿತು. ಇತ್ತ ಸಾಲದ ಕಂತಿನ ದಿನ ಬಂದೇ ಬಂದಿತು. ಕೊನೆಗೆ ಕೈಬಳೆಗಳು ಗಿರವಿಯ ಅಂಗಡಿಯ ಹಾದಿ ಹಿಡಿದವು. ಸರಕಿಗೆ ಬೇಡಿಕೆಯಿತ್ತು, ಲಾಭವೂ ಇತ್ತು. ದಿನದ ವಹಿವಾಟಿಗೆ ಬೇಕಾದ ಹಣ ಮಾತ್ರ ಇರಲಿಲ್ಲ.

ಇದಕ್ಕೆ ಪರಿಹಾರ ಕಠಿಣವಲ್ಲ. ಗಿರಾಕಿಗಳು ನೆಲೆಗೊಳ್ಳುವವರೆಗೆ ದೊಡ್ಡ ಯಂತ್ರದ ಆಸೆಯನ್ನು ತಡೆಯಬೇಕು. ಮೊದಲ ಸರಕಿನ ಹಣ ಬರುವುದು ತಡವಾದರೂ ಎರಡನೆಯ ಬಾರಿಯ ಸಾಮಗ್ರಿಗೆ ಬೇಕಾಗುವಷ್ಟು ಹಣವನ್ನು ತೆಗೆದಿರಿಸಬೇಕು. ಕಡ ಕೊಡುವುದಕ್ಕೆ ಒಂದು ಮಿತಿಯಿರಬೇಕು, ಅದು ಬರಹದಲ್ಲಿರಬೇಕು. ನೋಂದಾಯಿತ ಸಣ್ಣ ತಯಾರಕರಿಗೆ ಕಾನೂನಿನ ಬೆಂಬಲವೂ ಉಂಟು: 2006ರ ಅಧಿನಿಯಮದಂತೆ, ಬರಹದ ಒಪ್ಪಂದವಿದ್ದರೂ ಕೊಂಡವರು ಸರಕನ್ನು ಒಪ್ಪಿಕೊಂಡ 45 ದಿನಗಳೊಳಗೆ ಹಣ ಸಲ್ಲಿಸತಕ್ಕದ್ದು, ತಪ್ಪಿದರೆ ಬಡ್ಡಿಯ ಹೊಣೆ ಅವರದು.

ಎಲ್ಲಕ್ಕಿಂತ ಮಿಗಿಲಾಗಿ, ಮನೆಯ ಚೀಲ ಬೇರೆ, ಅಂಗಡಿಯ ಚೀಲ ಬೇರೆ ಎಂಬ ನಿಯಮವನ್ನು ಮನೆಯವರೆಲ್ಲರೂ ಪಾಲಿಸಬೇಕು. ಹಬ್ಬದ ಸೀರೆಗೋ ಮಗುವಿನ ಶಾಲೆಯ ಶುಲ್ಕಕ್ಕೋ ಅಂಗಡಿಯ ಹಣವನ್ನು ತೆಗೆದಾಗ ಅದನ್ನು ಲೆಕ್ಕದಲ್ಲಿ ಬರೆಯಬೇಕು. ಹಪ್ಪಳ ಲಟ್ಟಿಸಿದ ಗೃಹಿಣಿಯ ದುಡಿಮೆಗೂ ಕೂಲಿಯನ್ನು ಹಿಡಿದೇ ಬೆಲೆ ಕಟ್ಟಬೇಕು. ಬಹಳಷ್ಟು ಮನೆಗಳಲ್ಲಿ ಲೆಕ್ಕಕ್ಕೇ ಬಾರದೆ ಹೋಗುವ ಬಂಡವಾಳವೆಂದರೆ ಆಕೆಯ ಶ್ರಮವೇ.

ಆಣೆಗಳ ಕಾಲ ಮುಗಿದು ದಶಕಗಳೇ ಕಳೆದವು. ಆದರೂ ಹೊಸ ಕಸುಬನ್ನು ನೆನೆಯುವ ಸಂಸಾರವೊಂದು ಸಾಲದ ಅರ್ಜಿಯನ್ನು ತರುವ ಮುನ್ನ ಒಂದು ಪುಸ್ತಕವನ್ನು ತಂದು, ಆರು ತಿಂಗಳು ದಿನವೂ ತಪ್ಪದೆ ಉಳಿತಾಯದ ಸಾಲೊಂದನ್ನು ಬರೆದು ನೋಡಬಹುದು. ಆ ಶಿಸ್ತು ಕೈಗೂಡಿದವರಿಗೆ ಬ್ಯಾಂಕಿನ ಬಾಗಿಲು ತಟ್ಟಲು ಅಳುಕಿರದು.